ನಾಲ್ಕು ಇಪ್ಪತ್ತರ ಬಸ್ಸು

ಈ ಪ್ರಸಂಗವನ್ನು ಎಷ್ಟು ಜನರ ಮುಂದೆ ಹೇಳಿಕೊಂಡಿದ್ದೇನೆಂದರೆ, ಈಗ ನೆನಪಿರುವುದು ನಡೆದದ್ದೋ ಹೇಳಿದ್ದೋ ಎಂಬ ಅನುಮಾನ ನನಗೇ ಇದೆ. ವಿಶ್ವವಿದ್ಯಾಲಯದಲ್ಲಿ ಗಣಿತ ಓದಿದವನು ನಾನು. ಪ್ರಮೇಯಕ್ಕೆ ಬರೆಯುವಂಥ ಸಾಧನೆ ತೋರಿಸದೆ ಯಾರೇನು ಹೇಳಿದರೂ ಒಪ್ಪುವವನಲ್ಲ.

ಆಗ ಕಂಪ್ಲಿಯ ಹೈಸ್ಕೂಲೊಂದರಲ್ಲಿ ಹತ್ತನೇ ತರಗತಿಗೆ ಗಣಿತ ಹೇಳುತ್ತಿದ್ದೆ. ಮನೆ ಹೊಸಪೇಟೆ. ಕೊನೆಯ ಪೀರಿಯಡ್ ನನ್ನದು, ನಾಲ್ಕೂವರೆಗೆ ಮುಗಿಯಬೇಕು. ಹೊಸಪೇಟೆ ಬಸ್ಸು ನಾಲ್ಕು ಇಪ್ಪತ್ತಕ್ಕೇ ಶಾಲೆಯ ಮುಂದೆ ಹಾಯುತ್ತಿತ್ತು. ತಪ್ಪಿದರೆ ಇನ್ನೊಂದು ತಾಸು ಕಾಯಬೇಕು. ನಾಲ್ಕೂಕಾಲಿಗೆ ಗಡಿಯಾರ ನೋಡಿ, ಸೀಮೆಸುಣ್ಣ ಕೆಳಗಿಟ್ಟು, "ಉಳಿದದ್ದು ನಾಳೆ" ಎನ್ನುತ್ತಿದ್ದೆ. ಬೇರೆ ಊರಿನಿಂದ ಬರುವ ಮೇಷ್ಟ್ರುಗಳೆಲ್ಲ ಹಾಗೇ ಮಾಡುತ್ತಿದ್ದರು. ಅದು ತಪ್ಪೆಂದು ನಮಗ್ಯಾರಿಗೂ ಅನಿಸಿರಲಿಲ್ಲ.

ಒಂದು ದಿನ ಗಡಿಯಾರದ ಕಡೆ ಕಣ್ಣು ಹಾಯಿಸಿದ್ದೇ ತಡ, ಹಿಂದಿನಿಂದ ಸೀಟಿ ಬಿತ್ತು. ಎರಡು ಸಲ, ಕಂಡಕ್ಟರು ಬಸ್ಸು ಬಿಡಲು ಹೊಡೆಯುವ ಹಾಗೆ. ಇಡೀ ತರಗತಿ ನಕ್ಕಿತು.

ನನ್ನ ಕಿವಿ ಬಿಸಿಯಾಯಿತು. ಹುಡುಗರನ್ನೆಲ್ಲ ಎಬ್ಬಿಸಿ ನಿಲ್ಲಿಸಿದೆ. ಆಗ ಹುಡುಗಿಯರ ಕೊನೆಯ ಬೆಂಚಿನಿಂದ ಒಬ್ಬಳು ಎದ್ದಳು.

"ಅವರನ್ನ ಕುಂದ್ರಸ್ರಿ ಸಾರ್. ಹೊಡ್ದಾಕಿ ನಾನು."

"ನೀನಾ?"

"ಹೂನ್ರಿ. ನೆಲ್ಲಿನ ಗದ್ದ್ಯಾಗ ಹಕ್ಕಿ ಓಡಸಾಕ ದಿನಾ ಹೊಡಿತೀನ್ರಿ."

"ಇಲ್ಲಿ ಯಾವ ಹಕ್ಕಿ ಓಡಿಸಿದಿ?"

"ಹೊಸಪ್ಯಾಟಿ ಹಕ್ಕಿ" ಎಂದು ಹುಡುಗರ ಕಡೆಯಿಂದ ಯಾರೋ ಗೊಣಗಿದರು.

ನಾನು ಹೋಗಿ ಹೆಡ್ಮಾಸ್ಟರಿಗೆ ಹೇಳಿದೆ. "ಹೆಣ್ಣುಮಗಳು ಸೀಟಿ ಹೊಡಿಯದಂದ್ರ ಏನ್ರಿ? ಅಪ್ಪನ್ನ ಕರ್ಕೊಂಡು ಬರೋತನಕ ಒಳಗ ಸೇರಿಸಬ್ಯಾಡ್ರಿ" ಅಂದರು.

ಮರುದಿನ ಅವಳು ತರಗತಿಯ ಬಾಗಿಲ ಹೊರಗೆ ನಿಂತಿದ್ದಳು.

"ತಪ್ಪಾತು ಅಂತ ಬರಕೊಡ್ತೀನ್ರಿ. ಅಪ್ಪನ್ನ ಮಾತ್ರ ಕರಸಬ್ಯಾಡ್ರಿ ಸಾರ್. ನನ್ನ ಸಾಲಿ ಬಿಡಸಾಕ ಒಂದ್ ನೆವ ಹುಡುಕಾಕತ್ಯಾನ." ಚೀಲಕ್ಕೆ ಕೈಹಾಕುತ್ತ ಅಂದಳು, "ಆದ್ರ ಆ ಪ್ರಮೇಯ ಮೂರು ದಿನದಿಂದ ಅರ್ಧಕ್ಕ ನಿಂತೈತ್ರಿ."

ನೋಟ್‌ಬುಕ್ಕು ತೆರೆದು ತೋರಿಸಿದಳು. ಒಂದು ವೃತ್ತ, ಹೊರಗಿನ ಬಿಂದುವಿನಿಂದ ಎಳೆದ ಎರಡು ಸ್ಪರ್ಶಕಗಳು. ಕೆಳಗೆ 'ಸಾಧನೆ' ಎಂದು ಬರೆದು ಎರಡು ಸಾಲು. ಆಮೇಲೆ ಖಾಲಿ. ಕಂಡವರ ಹತ್ತಿರವೆಲ್ಲ ಸಾಧನೆ ಕೇಳುವ ನಾನು ಈ ಮಕ್ಕಳಿಗೆ ಕೊಟ್ಟದ್ದು ಅದು.

ಹೆಡ್ಮಾಸ್ಟರ ಕೋಣೆಗೆ ಮತ್ತೆ ಹೋದೆ. "ಆಕಿ ಅಪ್ಪ ಬರೋದು ಬ್ಯಾಡ್ರಿ. ನನ್ನ ಕ್ಲಾಸು, ನಾನೇ ನೋಡ್ಕೋತೀನಿ."

"ನಾಳಿ ನಿಮ್ಮ ತಲಿ ಮ್ಯಾಲೆ ಕುಂದ್ರತಾರ."

"ಕುಂದ್ರಲಿ ಬಿಡ್ರಿ."

ಅಂದು ಕೊನೆಯ ಪೀರಿಯಡ್‌ನಲ್ಲಿ ಅವಳು ಎಲ್ಲರೆದುರು ತನ್ನ ಎರಡು ಸಾಲಿನ ತಪ್ಪೊಪ್ಪಿಗೆ ಓದಿದಳು. ಓದಿ ಕೂರುವಷ್ಟರಲ್ಲಿ ನಾನೂ ಹೇಳಿದೆ: ದಿನಾ ಹದಿನೈದು ನಿಮಿಷ ಮೊದಲೇ ಹೊರಟದ್ದು ನನ್ನ ತಪ್ಪು. ಈ ಸಲ ಯಾರೂ ನಗಲಿಲ್ಲ. ಬೋರ್ಡಿಗೆ ತಿರುಗಿ ಪ್ರಮೇಯದ ಉಳಿದರ್ಧ ಶುರುಮಾಡಿದೆ. ಬರೆಯುತ್ತಿರುವಾಗಲೇ ಕಿಟಕಿಯಾಚೆ ಬಸ್ಸು ಧೂಳೆಬ್ಬಿಸಿಕೊಂಡು ಹೋಯಿತು. ಈ ಭಾಗವನ್ನು ನಾನು ಯಾವಾಗಲೂ ಚೆನ್ನಾಗಿ ಹೇಳುತ್ತಿದ್ದೆ.

ಆ ವರ್ಷ ನಾಲ್ಕು ಇಪ್ಪತ್ತರ ಬಸ್ಸು ನಾನು ಮತ್ತೆ ಹತ್ತಲಿಲ್ಲ. ಪಾಠ ಮುಗಿದ ಮೇಲೆ ಅವಳ ಕಡೆ ನೋಡುತ್ತಿದ್ದೆ. "ರೈಟ್ ಸಾರ್" ಎನ್ನುತ್ತಿದ್ದಳು, ಮೆಲ್ಲಗೆ. ಆಮೇಲೆ ಎಲ್ಲರೂ ಚೀಲ ಎತ್ತಿಕೊಳ್ಳುತ್ತಿದ್ದರು. ಮತ್ತೆ ಸೀಟಿ ಕೇಳಲಿಲ್ಲ. ಗಣಿತದಲ್ಲಿ ಅವಳು ಚೆನ್ನಾಗಿಯೇ ಪಾಸಾದಳು.

ಹೋದ ವರ್ಷ ಏನೋ ಕೆಲಸಕ್ಕೆ ಆ ಶಾಲೆಗೆ ಹೋದವನು ಆ ಕೋಣೆಯೊಳಗೆ ನಿಂತೆ. ಕಿಟಕಿ ಇರುವುದು ಹಿಂದಿನ ಗೋಡೆಗೆ. ಆಚೆ ಕಾಂಪೌಂಡು, ರಸ್ತೆಯೇ ಕಾಣುವುದಿಲ್ಲ. ಹಾಗಾದರೆ ಬಸ್ಸು? ಬಸ್ಸೇ ಸುಳ್ಳಾದರೆ ಅಂದು ನಾನು ಪಾಠಕ್ಕೆ ನಿಂತದ್ದೂ ಸುಳ್ಳೇ? ಬಹಳ ದಿನ ಇದೇ ಕಾಡಿತು.

ಮೊನ್ನೆ ಹೊಸಪೇಟೆ ಬಸ್‌ಸ್ಟ್ಯಾಂಡಿನಲ್ಲಿ ಅವಳೇ ಸಿಕ್ಕಳು. ಸಂಡೂರಿನಲ್ಲಿ ಅದಿರಿನ ಲಾರಿ ತೂಗುವ ಕಡೆ ಕೆಲಸವಂತೆ. ಕುಶಲ ಕೇಳುವ ಮೊದಲೇ ಕಿಟಕಿಯ ವಿಷಯ ಕೇಳಿದೆ.

"ಅಲ್ಲಿಂದ ಬಸ್ ಹೆಂಗ್ ಕಾಣತೈತ್ರಿ ಸಾರ್?" ನಕ್ಕಳು. "ಹಾರ್ನ್ ಕೇಳಿಸ್ತು. ನಾವೆಲ್ಲ ನಿಮ್ಮ ಕೈನೇ ನೋಡಾಕತ್ತಿದ್ವಿ. ನೀವು ಸೀಮೆಸುಣ್ಣ ಕೆಳಗ ಇಡಲಿಲ್ಲ."

ಬೇರೆಯವರಿಗೆ ಹೇಳುವ ಕಥೆಯಿಂದ ಕಿಟಕಿಯನ್ನು ಈಗ ತೆಗೆದಿದ್ದೇನೆ. ಉಳಿದದ್ದನ್ನು ಹೇಳುವಾಗ ಮೊದಲಿನಷ್ಟು ಅನುಮಾನವಿಲ್ಲ. ಹೆಮ್ಮೆ ಮೊದಲಿಗಿಂತ ಸ್ವಲ್ಪ ಹೆಚ್ಚೇ ಇದೆ.