ಮಕ್ಕಳನ್ನು ಕರೆಯುವ ಹೆಂಗಸಿನ ಸಮಾಧಿ

ಎರಡು ಸಾವಿರದ ಹನ್ನೆರಡೋ ಹದಿಮೂರೋ ಇರಬೇಕು, ನಾವು ಅಮೆರಿಕದ ಟೆಕ್ಸಾಸಿನ ಸೀಡರ್ ಪಾರ್ಕ್ ಎನ್ನುವ ಊರಿಗೆ ಶಿಫ್ಟ್ ಆದೆವು. ಪಕ್ಕದ ಮನೆಯ ಅಮೆರಿಕನ್ ಅಜ್ಜಿ ಮೊದಲ ವಾರವೇ ಬಂದು, ಕಸದ ಗಾಡಿ ಬರುವ ದಿನ ಯಾವುದೆಂದು ಹೇಳಿದ ಉಸಿರಿನಲ್ಲೇ ಇನ್ನೊಂದು ಮಾತನ್ನೂ ಹೇಳಿದಳು: ಹಿಂದಿನ ಹಳ್ಳದ ಆಚೆ ಇರುವ ಹಳೆಯ ಐರಿಶ್ ಸ್ಮಶಾನಕ್ಕೆ ಮಗಳನ್ನು ಒಬ್ಬಳನ್ನೇ ಕಳಿಸಬೇಡ. ಅಲ್ಲಿ ಒಬ್ಬ ಹೆಂಗಸು ಸಂಜೆ ಹೊತ್ತು ಮಕ್ಕಳನ್ನು ಹೆಸರು ಹಿಡಿದು ಕರೆಯುತ್ತಾಳಂತೆ. ಬದುಕಿದ್ದಾಗ ಕಂಡವರ ಮಕ್ಕಳನ್ನು ಕದ್ದವಳಂತೆ.

ನಾನು ಹುಬ್ಬಳ್ಳಿಯವಳು. ನಮ್ಮ ಮನೆತನದಲ್ಲಿ ಹೆಂಗಸರು ಸ್ಮಶಾನಕ್ಕೆ ಹೋಗುವ ರೂಢಿಯೇ ಇರಲಿಲ್ಲ. ಗಂಡಸರು ಹೋಗಿ ಬಂದರೂ ಸ್ನಾನ ಮಾಡದೆ ಒಳಗೆ ಕಾಲಿಡುತ್ತಿರಲಿಲ್ಲ. ಆದರೂ ವಾಕಿಂಗ್ ಹೋದಾಗ ಆ ಕಬ್ಬಿಣದ ಬೇಲಿ ಹತ್ತಿರ ಬಂದರೆ ನನ್ನ ನಡಿಗೆ ತಾನಾಗಿ ನಿಧಾನವಾಗುತ್ತಿತ್ತು. ಓಕ್ ಮರಗಳ ಕೆಳಗೆ ನಡುವೆ ಉಂಗುರವಿದ್ದ ಕಲ್ಲಿನ ಶಿಲುಬೆಗಳು ಒಂದೊಂದು ಒಂದೊಂದು ಕಡೆಗೆ ವಾಲಿದ್ದವು. ಟೆಕ್ಸಾಸಿನ ಆ ಉರಿ ಬಿಸಿಲಿನಲ್ಲೂ ಅಲ್ಲಿ ತಂಪು. ಕಿವಿ ಕಿವುಡಾಗುವಂತೆ ಚೀರುತ್ತಿದ್ದ ಮರದ ಜೀರುಂಡೆಗಳು ಒಮ್ಮೆಲೇ ಸುಮ್ಮನಾಗಿಬಿಡುತ್ತಿದ್ದವು. ಹೆದರಿಕೆ ಆಗುತ್ತಿತ್ತು, ನೋಡದೆ ಮುಂದೆ ಹೋಗಲೂ ಆಗುತ್ತಿರಲಿಲ್ಲ. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ.

ಮಗಳು ಹೈಸ್ಕೂಲಿಗೆ ಬಂದ ಮೇಲೆ ಆ ಸ್ಮಶಾನವನ್ನು ಸ್ವಚ್ಛ ಮಾಡುವ ಊರಿನವರ ಗುಂಪಿಗೆ ಹೆಸರು ಕೊಟ್ಟು ಬಂದಳು. ನಾನು ಒಂದು ದಿನವೆಲ್ಲ ಮಾತು ಬಿಟ್ಟೆ. ನನ್ನ ಗಂಡ ಊಟದ ತಟ್ಟೆಯಿಂದ ತಲೆ ಎತ್ತದೆ, "ಬ್ಯಾಡ ಅಂದ್ರ ಬಿಡೂ ಪೈಕಿ ಅಲ್ಲ ಅಕಿ. ನೀನ ಜೋಡಿ ಹೋಗು," ಎಂದರು.

ಹೀಗೆ ನಾನು ಶನಿವಾರಗಳಂದು ಅವಳನ್ನು ಡ್ರೈವ್ ಮಾಡಿಕೊಂಡು ಹೋಗಿ, ಎ.ಸಿ. ಹಾಕಿಕೊಂಡು ಕಾರಿನಲ್ಲೇ ಕೂತಿರುತ್ತಿದ್ದೆ. ಅವಳು ಬರೀ ನೀರು, ಮೆತ್ತನೆಯ ಬ್ರಷ್ ಹಿಡಿದು ಕಲ್ಲಿನ ಪಾಚಿ ತೆಗೆಯುತ್ತಿದ್ದಳು. ಸೋಪು ಹಾಕಿದರೆ ಕಲ್ಲು ಹಾಳಾಗುತ್ತದೆಂದು ನನಗೆ ತಿಳಿಸಿದ್ದಳು. ಮನೆಗೆ ಬಂದರೆ ಗರಾಜಿನಿಂದ ನೇರ ಬಚ್ಚಲಿಗೆ. ಅದೊಂದಕ್ಕೆ ಅವಳು ಎದುರಾಡಲಿಲ್ಲ.

ಮಕ್ಕಳ ಕಳ್ಳಿಯದು ಎನ್ನುವ ಸಮಾಧಿ ಹಿಂದಿನ ಮೂಲೆಯಲ್ಲಿತ್ತು. ಆಕೆಯ ಹೆಸರು, ಐರ್ಲೆಂಡಿನ ಕಾರ್ಕ್ ಸೀಮೆಯವಳು ಎನ್ನುವುದು, ಇಷ್ಟು ಮಾತ್ರ ಓದಲು ಬರುತ್ತಿತ್ತು. ಕೆಳಗಿನ ಅಕ್ಷರಗಳೆಲ್ಲ ಸವೆದು ಕಲ್ಲು ನುಣ್ಣಗಾಗಿತ್ತು. ಒಂದು ಶನಿವಾರ ಮಗಳು ಮಲಗುವ ಕೋಣೆಯ ಉದ್ದ ಕನ್ನಡಿಯನ್ನು ಕಳಚಿ ಕಾರಿಗೆ ಹಾಕಿದಳು. ಕನ್ನಡಿಯಿಂದ ಬಿಸಿಲನ್ನು ಕಲ್ಲಿನ ಮೇಲೆ ಓರೆಯಾಗಿ ಬಿಟ್ಟರೆ ಸವೆದ ಅಕ್ಷರಗಳ ನೆರಳು ಏಳುತ್ತದಂತೆ. ಆದರೆ ಹಿಡಿಯಲು ಒಬ್ಬರು ಬೇಕು. ಅಂದು ಉಳಿದವರು ಮುರಿದ ಬೇಲಿಯ ಕೆಲಸದಲ್ಲಿದ್ದರು. ಅವಳು ಕಾರಿನ ಗಾಜಿನ ಹತ್ತಿರ ಬಂದು ನಿಂತಳು. ನಾನು ಇಳಿದೆ.

ಆ ಮೂಲೆಗೆ ಹೋಗುವಾಗ ನನ್ನ ಅಂಗೈ ಬೆವೆತು ಕನ್ನಡಿ ಜಾರುತ್ತಿತ್ತು. ಮಗಳು ಮಣ್ಣಿನ ಮೇಲೆ ಬೋರಲಾಗಿ ಮಲಗಿ, "ಲೋಯರ್, ಅಮ್ಮ. ಇನ್ನೂ ಸ್ವಲ್ಪ," ಎನ್ನುತ್ತಿದ್ದಳು. ಬೆಳಕು ಒಂದು ಓರೆಗೆ ಬಂದಾಗ ನುಣ್ಣಗಿದ್ದ ಕಲ್ಲಿನ ಮೇಲೆ ಅಕ್ಷರಗಳು ಎದ್ದವು. ನನ್ನ ಮೈಯ ಕೂದಲೂ ಎದ್ದಿತು. ಅವಳು ಇಂಗ್ಲಿಷಿನಲ್ಲಿ ತಡವರಿಸಿ ಓದಿದಳು. ನಾವು ಇವಳ ಹೊಟ್ಟೆಯಲ್ಲಿ ಹುಟ್ಟಿದವರಲ್ಲ, ಇವಳ ಕೈಯಲ್ಲಿ ಉಂಡು ಬೆಳೆದವರು, ಈ ಕಲ್ಲನ್ನು ನಿಲ್ಲಿಸಿದ್ದೇವೆ ಎಂದಿತ್ತು. ಅದರ ಕೆಳಗೆ ಮಕ್ಕಳ ಹೆಸರುಗಳು, ಪ್ರತಿಯೊಂದಕ್ಕೂ ಬೇರೆ ಬೇರೆ ಮನೆತನದ ಹೆಸರು.

ನನ್ನ ಬಾಯಿಂದ ಮಾತು ತಾನೇ ಬಂತು. "ಇಕಿ ಮಕ್ಕಳನ್ನ ಕದ್ದಾಕಿ ಅಲ್ಲ ಪುಟ್ಟಿ. ಸಾಕಿದಾಕಿ."

ಮಗಳು ಮುಖದ ಮಣ್ಣನ್ನೂ ಒರೆಸಿಕೊಳ್ಳದೆ ಆ ಹೆಸರುಗಳನ್ನು ಒಂದೊಂದಾಗಿ ಬರೆದುಕೊಂಡಳು.

ಆ ಅಕ್ಟೋಬರಿನಲ್ಲಿ ಗುಂಪಿನವರು ಸ್ಮಶಾನವನ್ನು ಜನರಿಗೆ ತೆರೆದಿಟ್ಟರು. ದೆವ್ವದ ಆಸೆಗೆ ಡಾಲಸ್, ಹ್ಯೂಸ್ಟನ್ನಿನಿಂದಲೂ ಕಾರುಗಳು ಬಂದವು. ಹಿಂದಿನ ಮೂಲೆಯ ಕಥೆ ಹೇಳುವ ಕೆಲಸ ನನ್ನ ಮಗಳದು. ಒಬ್ಬ ಯುವಕ ದೆವ್ವ ಯಾವಾಗ ಬರುತ್ತದೆಂದು ಕೇಳಿದ, ನಾಲ್ಕು ಜನ ನಕ್ಕರು. ಮಗಳು ನಗಲಿಲ್ಲ. ಊರಿನವರು ಹೇಳುವ ಕಥೆಯನ್ನು ಮೊದಲು ಪೂರ್ತಿ ಹೇಳಿದಳು, ಕರೆಯುವ ದನಿಯನ್ನೂ ಬಿಡಲಿಲ್ಲ. ಆಮೇಲೆ ನನಗೆ ಕನ್ನಡಿ ಹಿಡಿಯಲು ಸನ್ನೆ ಮಾಡಿದಳು. ಆ ಮಕ್ಕಳ ಹೆಸರುಗಳನ್ನು ಒಂದೊಂದಾಗಿ ಓದಿದಳು.

ಗುಂಪಿನ ಹಿಂದಿದ್ದ ಒಬ್ಬ ಮುದುಕರು ಟೋಪಿ ತೆಗೆದು ಮುಂದೆ ಬಂದರು. ಹ್ಯೂಸ್ಟನ್ ಪಕ್ಕದ ಕ್ಲಿಯರ್ ಲೇಕಿನವರು, ಅಲ್ಲಿನ ಬಾಹ್ಯಾಕಾಶ ಕೇಂದ್ರದಲ್ಲಿ ಎಂಜಿನಿಯರ್ ಆಗಿದ್ದು ನಿವೃತ್ತರಾದವರು. ಮಗಳು ಓದಿದ ಹೆಸರುಗಳಲ್ಲಿ ಒಂದು ಅವರ ಮುತ್ತಜ್ಜನದು. ಜ್ವರ ಬಂದು ಒಂದೇ ಬೇಸಿಗೆಯಲ್ಲಿ ಮುತ್ತಜ್ಜನ ಅಪ್ಪ ಅಮ್ಮ ಇಬ್ಬರೂ ಹೋದರು, ಯಾರೋ ಒಬ್ಬ ಹೆಂಗಸು ಸಾಕಿದಳು ಎಂದಷ್ಟೇ ಮನೆಯಲ್ಲಿ ಹೇಳುತ್ತಿದ್ದರಂತೆ. ಆಕೆಯ ಹೆಸರು ಯಾರಿಗೂ ಗೊತ್ತಿರಲಿಲ್ಲ. ಅವರು ಕಷ್ಟಪಟ್ಟು ಮಂಡಿಯೂರಿ ಕಲ್ಲಿನ ಮೇಲೆ ಅಂಗೈ ಇಟ್ಟರು. ಏಳಲು ಆಗದಿದ್ದಾಗ ಮಗಳು ತೋಳು ಕೊಟ್ಟು ಎಬ್ಬಿಸಿದಳು. ಇಂಥ ಮಗಳನ್ನು ಬೆಳೆಸಿದ್ದೀರಿ ಎಂದು ಅವರು ನನ್ನ ಕೈ ಹಿಡಿದುಕೊಂಡರು. ನನಗೆ ಇಂಗ್ಲಿಷ್ ಮರೆತುಹೋಯಿತು. ತಲೆ ಮಾತ್ರ ಆಡಿಸಿದೆ, ಆದರೆ ಎದೆ ಉಬ್ಬಿತ್ತು.

ಮಗಳು ಓದಲು ಡಾಲಸ್ಸಿಗೆ ಹೋದಳು. ಹಿಂದಿನ ಮೂಲೆಯ ಕಥೆಯನ್ನು ಈಗ ನಾನು ಹೇಳುತ್ತೇನೆ, ನನ್ನ ಹುಬ್ಬಳ್ಳಿ ಇಂಗ್ಲಿಷಿನಲ್ಲಿ, ಸೀರೆ ಉಟ್ಟುಕೊಂಡು. ಸಂಜೆಯಾದಂತೆ ಜನ ಒಬ್ಬರಿಗೊಬ್ಬರು ಹತ್ತಿರ ಸರಿದು ನಿಲ್ಲುತ್ತಾರೆ, ನಾನೂ ಒಮ್ಮೊಮ್ಮೆ ಹಿಂದೆ ತಿರುಗಿ ನೋಡುತ್ತೇನೆ. ಹೋದ ಸಲ ಫ್ಲೂಗರ್‌ವಿಲ್ಲಿನಿಂದ ಬಂದಿದ್ದ ಒಬ್ಬಾಕೆ, ಇಲ್ಲಿ ಮಲಗಿರುವವರಲ್ಲಿ ನಿಮ್ಮವರು ಯಾರಾದರೂ ಇದ್ದಾರೆಯೇ ಎಂದು ಕೇಳಿದಳು. ಹೌದು, ಒಬ್ಬಳಿದ್ದಾಳೆ ಎಂದು ಮೂಲೆಯ ಕಲ್ಲನ್ನು ತೋರಿಸಿದೆ.