ಸೋಮ್ಲಿಬಾಯಿಗೆ ನಾನು ಕೊಟ್ಟ ನಾಲ್ಕು ಅಂಕ

ಕೋವಿಡ್ ಇಳಿದ ಮರುವರ್ಷ ನಾನು ಶಿಕಾರಿಪುರ ತಾಲ್ಲೂಕಿನಲ್ಲಿ, ಸೊರಬದ ಕಡೆ ಹೋಗುವ ರಸ್ತೆಯ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವೈದ್ಯಾಧಿಕಾರಿಯಾಗಿದ್ದೆ. ಸರ್ಕಾರಿ ಸೇವೆಗೆ ಸೇರಿ ಇಪ್ಪತ್ತೆರಡು ವರ್ಷವಾಗಿತ್ತು. ಪ್ರತಿ ಗುರುವಾರ ಅರವತ್ತು ದಾಟಿದವರಿಗೆಂದೇ ತಪಾಸಣೆ ಶುರುಮಾಡಿದ್ದೆ. ಬಿಪಿ, ಶುಗರ್, ಕಣ್ಣು, ಜೊತೆಗೆ ನೆನಪಿನ ಶಕ್ತಿಯ ಪರೀಕ್ಷೆ. ಮೂವತ್ತು ಅಂಕದ ಪ್ರಶ್ನಾವಳಿ ಅದು: ಇವತ್ತು ಯಾವ ವಾರ, ಇದು ಯಾವ ತಾಲ್ಲೂಕು, ನೂರರಲ್ಲಿ ಏಳು ಕಳೆದರೆ ಎಷ್ಟು, ಹೀಗೆ. ಅಂಕ ತೀರ ಕಡಿಮೆಯಾದರೆ ಡಿಮೆನ್ಷಿಯಾ, ಅಂದರೆ ಮುಪ್ಪಿನ ಮರೆವಿನ ಕಾಯಿಲೆ ಇರಬಹುದೆಂದು ಅನುಮಾನಿಸಬೇಕು. ಆ ಗುರುವಾರಗಳ ಬಗ್ಗೆ ನನಗೆ ಹೆಮ್ಮೆಯಿತ್ತು.

ಒಂದು ಗುರುವಾರ ಹತ್ತಿರದ ಲಂಬಾಣಿ ತಾಂಡಾದಿಂದ ಲೋಕ್ಯಾ ನಾಯ್ಕ ಎಂಬಾತ ತಾಯಿಯನ್ನು ಕರೆತಂದ. ಹೆಸರು ಸೋಮ್ಲಿಬಾಯಿ, ಎಪ್ಪತ್ತರ ಮೇಲಿನ ವಯಸ್ಸು.

“ಅವ್ವಗ ನಿದ್ದೀನ ಇಲ್ರೀ ಮೇಡಂ. ನಸುಕಿನಾಗ ಎದ್ದು ಹಿತ್ತಲದಾಗ ಕುಂತು ಜೋರಾಗಿ ಅಳ್ತಾಳ. ಒಬ್ಬಾಕಿನ ಏನೇನೋ ಮಾತಾಡ್ತಾಳ.”

ನಾನು ಪ್ರಶ್ನೆ ಕೇಳತೊಡಗಿದೆ. ಆಕೆ ನನ್ನ ಮುಖ ನೋಡಿದರು, ಮಗನ ಮುಖ ನೋಡಿದರು. ಅವನು ಬಗ್ಗಿ ತಮ್ಮ ಮಾತಿನಲ್ಲಿ ಆಕೆಗೆ ಏನೋ ಹೇಳಿ, ನನ್ನ ಕಡೆ ತಿರುಗಿ ಮತ್ತೇನೋ ಹೇಳಲು ಹೋದ. ಮನೆಯವರು ಸುಳಿವು ಕೊಡಬಾರದೆಂಬುದು ಪರೀಕ್ಷೆಯ ನಿಯಮ. “ಸುಮ್ನಿರ್ರೀ, ನೀವು ಹೇಳಿಕೊಡಬಾರದು” ಎಂದೆ. ಅವನು ಕೈಕಟ್ಟಿ ಹಿಂದೆ ಸರಿದ. ಮೂವತ್ತಕ್ಕೆ ನಾಲ್ಕು ಅಂಕ ಬಂತು. ಶಿವಮೊಗ್ಗದ ತಜ್ಞರಿಗೆ ತೋರಿಸಿ ಎನ್ನಬೇಕಿತ್ತು. ಹೊರಗೆ ಸಾಲು ಉದ್ದವಿತ್ತು. ಚೀಟಿಯಲ್ಲಿ ಡಿಮೆನ್ಷಿಯಾ ಎಂದು ಬರೆದು, ಶಾಂತವಾಗಿಡುವ ಮಾತ್ರೆ ಕೊಟ್ಟೆ.

ಲೋಕ್ಯಾ ನಾಯ್ಕ ತಿಂಗಳು ತಿಂಗಳೂ ತಪ್ಪದೆ ಬಂದು ಮಾತ್ರೆ ಒಯ್ದ. “ಈಗ ಅಳಂಗಿಲ್ರೀ, ಸುಮ್ನ ಕುಂದರ್ತಾಳ” ಎಂದಾಗ ಔಷಧ ಹಿಡಿಯಿತೆಂದು ಸಂತೋಷಪಟ್ಟೆ. ಐದನೇ ತಿಂಗಳು ಆಕೆ ಮಾತ್ರೆಯ ಮಂಪರಿನಲ್ಲಿ ಎದ್ದು ನಡೆಯಲು ಹೋಗಿ ಅಂಗಳದಲ್ಲಿ ಬಿದ್ದರು. ಸೊಂಟದ ಮೂಳೆ ಮುರಿಯಿತು. ಶಿವಮೊಗ್ಗದಲ್ಲಿ ಆಪರೇಷನ್ ಆಯಿತು. ಅಲ್ಲಿನವರು ನನ್ನ ಮಾತ್ರೆಯನ್ನು ನಿಲ್ಲಿಸಿದ್ದರು.

ಆಕೆ ಮನೆಗೆ ಮರಳಿದ ಮೇಲೆ ಗಾಯ ನೋಡಲು ತಾಂಡಾಕ್ಕೆ ಹೋದೆ. ಸೊರಬ ತಾಲ್ಲೂಕಿನಿಂದ ಆಗಷ್ಟೇ ವರ್ಗವಾಗಿ ಬಂದಿದ್ದ ನರ್ಸ್ ಶಾಂತಾ ಜೊತೆಗಿದ್ದಳು. ಅವಳೂ ತಾಂಡಾದಲ್ಲೇ ಹುಟ್ಟಿ ಬೆಳೆದವಳು. ಮಂಚದ ಪಕ್ಕ ಕುಕ್ಕರಗಾಲಲ್ಲಿ ಕೂತು “ಯಾಡಿ” ಎಂದಳು. ಅವರ ಮಾತಿನಲ್ಲಿ ತಾಯಿ ಎಂದರ್ಥ. ಸೋಮ್ಲಿಬಾಯಿ ಅವಳ ಕೈ ಹಿಡಿದು ಮಾತಾಡಲು ಶುರುಮಾಡಿದರು. ನಿಲ್ಲಿಸಲೇ ಇಲ್ಲ.

ಶಾಂತಾ ಚೀಟಿ ತಿರುವಿ ನೋಡಿದಳು. “ಇವ್ರಿಗೆ ಮರೆವು ಅಂತ ಬರೆದಿದ್ದು ಯಾರು ಮೇಡಂ?”

“ನಾನೇ” ಎಂದೆ.

ಅದೇ ಪ್ರಶ್ನೆಗಳನ್ನು ಶಾಂತಾ ಲಂಬಾಣಿಯಲ್ಲಿ ಕೇಳಿದಳು. ವಾರ ಸರಿ, ತಾಲ್ಲೂಕು ಸರಿ. ನೂರರಲ್ಲಿ ಏಳು ಕಳೆದರೆ? ಆಕೆ ಇಪ್ಪತ್ತರ ಲೆಕ್ಕದಲ್ಲಿ ಎಣಿಸಿ, “ನಾಲ್ಕು ಇಪ್ಪತ್ತು, ಮೇಲೆ ಹದಿಮೂರು” ಎಂದರು. ಓದು ಬರಹದ ಪ್ರಶ್ನೆಗಳನ್ನು ಬಿಟ್ಟರೆ ಎಲ್ಲಕ್ಕೂ ಉತ್ತರ ಬಂತು. ನಾನು ಬರೆದಿದ್ದ ನಾಲ್ಕನ್ನು ಹೊಡೆದುಹಾಕಿದೆ.

“ಹಾಗಾದ್ರೆ ನಸುಕಿನಲ್ಲಿ ಯಾಕೆ ಅಳ್ತಿದ್ರು ಅಂತ ಕೇಳು” ಎಂದೆ.

ಸೋಮ್ಲಿಬಾಯಿಯ ಹಿರಿಯ ಮಗಳನ್ನು ಸೊರಬದ ಕಡೆಯ ತಾಂಡಾಕ್ಕೆ ಕೊಟ್ಟಿತ್ತು. ಕೋವಿಡ್‌ನಲ್ಲಿ ಅವಳು ತೀರಿಕೊಂಡಳು. ಅವರಲ್ಲಿ ಸಾವಿನ ಮನೆಗೆ ಬಂದ ಹೆಂಗಸರು ಒಬ್ಬರ ಕೊರಳು ಒಬ್ಬರು ತಬ್ಬಿ, ಸತ್ತವರ ಗುಣವನ್ನು ರಾಗವಾಗಿ ಹೇಳಿಕೊಂಡು ಅಳುತ್ತಾರೆ. ಆ ದಿನಗಳಲ್ಲಿ ಯಾರೂ ಬರುವಂತಿರಲಿಲ್ಲ. ಹಾಗಾಗಿ ತಾಯಿ ದಿನಾ ನಸುಕಿನಲ್ಲಿ ಒಬ್ಬರೇ ಕೂತು ಹಾಗೆ ಹೇಳಿಕೊಂಡು ಅಳುತ್ತಿದ್ದರು. ಶಾಂತಾ ಆಕೆಯ ಮಾತನ್ನು ಕನ್ನಡದಲ್ಲಿ ಹೇಳುತ್ತ ಹೋದಳು: “ಮಾತ್ರೆ ತಗೊಂಡ ಮೇಲೆ ಅಳು ಬರ್ಲಿಲ್ವಂತೆ ಮೇಡಂ. ಮಗಳನ್ನೇ ಮರ್ತುಬಿಟ್ನೇನೋ ಅಂತ ಹೆದ್ರಿಕೆ ಆಯ್ತಂತೆ.”

ಬಾಗಿಲಲ್ಲಿ ನಿಂತಿದ್ದ ಲೋಕ್ಯಾ ನಾಯ್ಕ ಮೆಲ್ಲಗೆ ಹೇಳಿದ: “ಅಕ್ಕ ಸತ್ತಿದ್ದು ಹೇಳಬೇಕಂತಿದ್ನಿರೀ. ನೀವು ಸುಮ್ನಿರು ಅಂದ್ರಿ.” ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ವಾಸಿಯಿತ್ತು.

ಮರುದಿನವೇ ಹಳೆಯ ಚೀಟಿಗಳನ್ನೆಲ್ಲ ತೆಗೆಸಿದೆ. ಮರೆವು ಎಂದು ನಾನು ಬರೆದವರಲ್ಲಿ ಲಂಬಾಣಿ, ಉರ್ದು ಮನೆಮಾತಿನವರನ್ನು ಮತ್ತೆ ಕರೆಸಿ, ಅವರವರ ಮಾತಿನಲ್ಲೇ ಕೇಳಿಸಿದೆ. ತಪ್ಪು ಒಂದರಲ್ಲಿ ಮುಗಿಯಲಿಲ್ಲ. ಒಬ್ಬಾಕೆಗೆ ಕಿವಿ ಕೇಳುತ್ತಿರಲಿಲ್ಲ, ಅಷ್ಟೆ. ಆದದ್ದನ್ನೆಲ್ಲ ನನ್ನ ಹೆಸರು ಹಾಕಿ ಮೇಲಧಿಕಾರಿಗಳಿಗೆ ಬರೆದೆ. ಚೀಟಿಯ ಮೊದಲ ಸಾಲಿನಲ್ಲಿ ಮನೆಮಾತು ಯಾವುದು, ಎರಡನೆಯದರಲ್ಲಿ ಈಚೆಗೆ ಮನೆಯಲ್ಲಿ ಸಾವು ಆಗಿದೆಯೇ ಎಂದು ಸೇರಿಸಿದೆವು.

ಸೋಮ್ಲಿಬಾಯಿ ವಾಕರ್ ಹಿಡಿದು ಓಡಾಡುವಂತಾದರು. ಒಂದು ಕಾಲು ಗಿಡ್ಡವಾಗಿಯೇ ಉಳಿಯಿತು. ಒಂದು ಭಾನುವಾರ ಮಗಳ ತಾಂಡಾದ ಹೆಂಗಸರು ಟೆಂಪೊದಲ್ಲಿ ಬಂದು, ಆಕೆಯ ಕೊರಳು ತಬ್ಬಿ, ಮಧ್ಯಾಹ್ನದವರೆಗೆ ಅತ್ತರಂತೆ.

ಉತ್ತರ ಬರದಿದ್ದಾಗ ಮೊದಲು ಪರೀಕ್ಷಿಸಬೇಕಾದದ್ದು ನನ್ನ ಪ್ರಶ್ನೆಯನ್ನು ಎಂಬುದನ್ನು ನನಗೆ ಈ ಕೆಲಸ ಕಲಿಸಿತು. ಅಷ್ಟನ್ನು ಕಲಿಯಲು ಒಬ್ಬ ತಾಯಿಯ ಸೊಂಟ ಮುರಿಯಬೇಕಾಯಿತು.