ಟೀಚರಮ್ಮ ಊಟಕ್ಕೆ ಬಂದ ಭಾನುವಾರ

ಮೊನ್ನೆ ಸೊಸೆ ಹೊಸ ನೂಲಿನ ಸೀರೆಯ ಮಡಿಕೆ ಬಿಚ್ಚಿದಳು. ಗಂಜಿಯ ವಾಸನೆ ಮೂಗಿಗೆ ಬಡಿಯಿತು. ಅವಳಿಗದು ಹೊಸ ಬಟ್ಟೆಯ ವಾಸನೆ, ನನಗೆ ಹಸಿವಿನದು... ಅದರ ಹಿಂದೆಯೇ ನಮ್ಮ ಟೀಚರಮ್ಮ ನೆನಪಾದರು.

ಸೇಲಂನಲ್ಲಿ ನಮ್ಮದು ಕನ್ನಡ ಮಾತಾಡುವ ನೇಕಾರರ ಬೀದಿ. ಮೂವತ್ತರ ದಶಕದ ಆ ವರ್ಷಗಳಲ್ಲಿ ಸೀರೆ ಕೊಳ್ಳುವವರಿಲ್ಲದೆ ಅರ್ಧಕ್ಕರ್ಧ ಮಗ್ಗಗಳು ನಿಂತಿದ್ದವು. ಮನೆಯಲ್ಲಿ ರಾಗಿಮುದ್ದೆ ಮೊದಲು ಅಪ್ಪನಿಗೆ, ಆಮೇಲೆ ಹೈಸ್ಕೂಲಿಗೆ ಹೋಗುತ್ತಿದ್ದ ಅಣ್ಣನಿಗೆ. ಉಳಿದದ್ದು ಅಜ್ಜಿ, ಅಮ್ಮ ಮತ್ತು ನನಗೆ. ಎಷ್ಟೋ ದಿನ ಉಳಿಯುತ್ತಲೇ ಇರಲಿಲ್ಲ. ಅದನ್ನು ಅನ್ಯಾಯವೆಂದು ಯಾರೂ ಎಣಿಸಿರಲಿಲ್ಲ, ನಾನೂ ಕೂಡ.

ನನಗಾಗ ಹದಿಮೂರು. ಓರಗೆಯವರೆಲ್ಲ ಮೈತುಂಬಿಕೊಂಡಿದ್ದರೆ ನಾನು ಕಡ್ಡಿಯಂತಿದ್ದೆ. ಮೊದಲೆಲ್ಲ ಪಾಠ ಒಪ್ಪಿಸುವುದರಲ್ಲಿ ನಾನೇ ಮುಂದು. ಆ ವರ್ಷ ಕಲಿತದ್ದು ತಲೆಯಲ್ಲಿ ನಿಲ್ಲುತ್ತಿರಲಿಲ್ಲ. ಬೋರ್ಡಿನ ಅಕ್ಷರಗಳು ಕಣ್ಣೆದುರೇ ತೇಲುತ್ತಿದ್ದವು. ಅಣ್ಣ ಮಾತ್ರ ಚೆನ್ನಾಗಿ ಓದುತ್ತಿದ್ದ. "ಎಣ್ಣಿಗೆ ಓದು ತಲೆಗತ್ತಲ್ಲ. ಸ್ಕೂಲು ಬಿಡ್ಸಿ, ನೂಲು ಸುತ್ಲಿ" ಎಂದು ಅಜ್ಜಿ ತೀರ್ಮಾನಿಸಿದ್ದಳು.

ಟೀಚರಮ್ಮ ಓಮಲೂರಿನ ಕಡೆಯವರು, ನಮ್ಮ ಜನವೇ. ನಮ್ಮ ಬೀದಿಯಲ್ಲೇ ಒಂದು ಕೋಣೆ ಹಿಡಿದು ಒಬ್ಬರೇ ಇದ್ದರು. ಶಾಲೆಯಲ್ಲಿ ತಮಿಳು, ಬೀದಿಗೆ ಬಂದರೆ ನಮ್ಮ ಮಾತು. ಒಂದು ಬೆಳಗ್ಗೆ ನೇಕಾರರು ಬೀದಿಯುದ್ದಕ್ಕೂ ನೂಲು ಹಾಸಿ, ಅದು ಗಟ್ಟಿಯಾಗಲೆಂದು ಗಂಜಿ ಬಳಿಯುತ್ತಿದ್ದರು. ನಾನು ಗೋಡೆಯ ಮರೆಯಲ್ಲಿ ಕೂತು ಆ ಗಂಜಿಯ ಮಡಕೆಗೆ ಬೆರಳದ್ದಿ ನೆಕ್ಕುತ್ತಿದ್ದೆ. ತಲೆಯೆತ್ತಿದರೆ ಎದುರಿಗೆ ಟೀಚರಮ್ಮ! ಬೈಯಲಿಲ್ಲ. ಸೆರಗಿನಿಂದ ನನ್ನ ಬಾಯಿ ಒರೆಸಿ, "ಬಾನುವಾರ ನಿಮ್ಮನೆಗೆ ಸಾಪಾಟಿಗೆ ಬತ್ತೀನಿ ಅಂತ ಅಜ್ಜಿಗೇಳು ಕಣ್ಣು" ಎಂದರು. ತಮಿಳು ಬೆರೆತ ನಮ್ಮ ಮಾತಿನಲ್ಲಿ ಊಟವೆಂದರೆ ಸಾಪಾಟು, ಮುದ್ದಿನ ಮಕ್ಕಳೆಲ್ಲ ಕಣ್ಣು.

ಬಂದೇಬಿಟ್ಟರು, ಕೈಯಲ್ಲೊಂದು ಕಟ್ಟು ನುಗ್ಗೆಸೊಪ್ಪು ಹಿಡಿದು. ಅಮ್ಮ ಅದನ್ನು ಬೇಯಿಸಿದಳು. ಅಪ್ಪ, ಅಣ್ಣ ತಟ್ಟೆ ಮುಂದೆ ಕೂತರು. ಟೀಚರಮ್ಮ ನಿಂತೇ ಇದ್ದರು.

"ನೀವೆಲ್ಲಾ ಕೂತ್ರೇನೇ ನಾನು ತಿನ್ನೋದು" ಎಂದರು.

"ನಮ್ದಾಯ್ತು" ಎಂದಳು ಅಮ್ಮ.

"ಯಾವಾಗಾಯ್ತಕ್ಕಾ? ನಿಮ್ಮ ಮಗ್ಳು ಬೀದೀಲಿ ನೂಲಿನ ಗಂಜಿ ನೆಕ್ತಾ ಇದ್ಳು."

ಅಜ್ಜಿ ಸಿಡುಕಿದಳು: "ದುಡಿಯೋ ಗಂಡಸ್ರು, ಓದೋ ಐಕ್ಳು ಉಣ್ಬ್ಯಾಡ್ವಾ?"

"ಉಣ್ಲಿ ಅಜ್ಜಿ. ನನ್ನ ತಂಗೀನೂ ಇಂಗೇ ಕೊನೇಲಿ ಉಣ್ತಿದ್ಳು. ಓದ್ನಾಗೆ ನನಗಿಂತ ಜಾಣೆ. ಒಂದು ಜ್ವರ ಬಂತು, ತಡ್ಕೊಳ್ಳಾಕೆ ಮೈಯಾಗೆ ಏನೂ ಇರ್ಲಿಲ್ಲ..."

ಅಣ್ಣ ನನ್ನನ್ನೇ ನೋಡುತ್ತಿದ್ದ. ನಾವು ಒಳಗೆ ಹೊಟ್ಟೆತುಂಬ ಉಣ್ಣುತ್ತೇವೆಂದೇ ಅವನು ತಿಳಿದಿದ್ದ, ಪಾಪ. ತನ್ನ ಮುದ್ದೆ ಮುರಿದು ತಟ್ಟೆಯನ್ನು ನನ್ನ ಕಡೆಗೆ ತಳ್ಳಿದ. "ಬಾರೇ, ಕೂತ್ಕೋ."

ಅಜ್ಜಿ ಒಲೆಯ ಬಳಿಗೆ ಹೋದಳು. ಆಮೇಲೆ ಇದ್ದುದನ್ನೆಲ್ಲ ತಂದು ಸಮನಾಗಿ ಬಡಿಸಿದಳು. ಅಪ್ಪನೆದುರು ಅಮ್ಮ ಕೂತು ಉಂಡದ್ದನ್ನು ನಾನು ಮೊದಲು ನೋಡಿದ್ದು ಅಂದೇ.

ಬಡತನವೇನೂ ಹೋಗಲಿಲ್ಲ. ಎಲ್ಲರದೂ ಅರೆಹೊಟ್ಟೆಯೇ. ಆದರೆ ಆ ಭಾನುವಾರದ ಮೇಲೆ ನನ್ನ ತಟ್ಟೆಗೂ ದಿನಾ ಒಂದಿಷ್ಟು ಬಿತ್ತು. ಬೋರ್ಡಿನ ಅಕ್ಷರಗಳು ಮೆಲ್ಲಗೆ ಒಂದೆಡೆ ನಿಂತವು. ಆ ವರ್ಷ ಪಾಸಾದೆ. ಶಾಲೆ ಬಿಡಿಸುವ ಮಾತು ಮತ್ತೆ ಬರಲಿಲ್ಲ.

ಮರುವರ್ಷ ಟೀಚರಮ್ಮನವರಿಗೆ ಕಂಬೈನಲ್ಲೂರಿಗೆ ವರ್ಗವಾಯಿತು. ಹೊರಡುವಾಗ ನನ್ನ ಕೆನ್ನೆ ಚಿವುಟಿ, "ಪರ್ವಾಗಿಲ್ಲ, ಚಿವುಟಾಕೆ ಸಿಕ್ತೈತೆ" ಎಂದು ನಕ್ಕರು. ಕೆಲವು ವರ್ಷಗಳ ಮೇಲೆ, ಅವರು ಅಲ್ಲೇ ತೀರಿಹೋದರೆಂದು ಆ ಕಡೆಯಿಂದ ಬಂದ ಯಾರೋ ಹೇಳಿದರು. ಯಾವ ಕಾಯಿಲೆಯೋ... ಹೇಳಿದವರಿಗೂ ಗೊತ್ತಿರಲಿಲ್ಲ.

ಅಂದು ನನ್ನ ಕಣ್ಣಿಗೆ ಎಷ್ಟು ದೊಡ್ಡವರಾಗಿ ಕಾಣುತ್ತಿದ್ದರು! ಈಗ ಯೋಚಿಸಿದರೆ ಇಪ್ಪತ್ತು ದಾಟಿ ಹೆಚ್ಚು ದಿನವಾಗಿರಲಿಕ್ಕಿಲ್ಲ. ತಂಗಿಯನ್ನು ಕಳೆದುಕೊಂಡ ಒಂಟಿ ಹುಡುಗಿ. ಈ ವಯಸ್ಸಿನಲ್ಲಿ ನೆನೆದಾಗ ಟೀಚರಮ್ಮ ಎನ್ನಲು ನಾಲಿಗೆ ಹೊರಳುವುದಿಲ್ಲ, ಮಗಳೇ ಎಂದೇ ಬರುತ್ತದೆ. ನೀನು ಉಂಡೆಯಾ, ಮಗಳೇ, ಎಂದು ಕೇಳಬೇಕೆನಿಸುತ್ತದೆ. ನಮ್ಮ ಬೀದಿಯಲ್ಲಿ ಅವರನ್ನು ಹಾಗೆ ಯಾರೂ ಕೇಳಿದ ನೆನಪಿಲ್ಲ...